ಅಕ್ಕ ಯಾಕೆ ಬಾಯಿ ಬಿಡಲಿಲ್ಲ?

ಮದುವೆ ಮನೆಯಲ್ಲಿ ಸಿಕ್ಕವರು ಕೇಳುತ್ತಾರೆ. ಮಂಡ್ಯ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಅಷ್ಟೊಂದು ತಪ್ಪು ಕಣ್ಣೆದುರಿಗೇ ಇದ್ದರೂ ನಿಮ್ಮ ಅಕ್ಕ ಯಾಕೆ ಸುಮ್ನೆ ಬಂದ್ಬಿಟ್ಟಳು?"

ಕಥೆ ಓದದವರಿಗೆ ಮೊದಲು ಎರಡು ಮಾತು ಹೇಳಿಬಿಡುತ್ತೇನೆ. ನನ್ನ ಕೆಲವು ಕಥೆಗಳಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಅವಳಿಗೆ ಹೆಸರಿಟ್ಟಿಲ್ಲ, ಎಲ್ಲರೂ ಅಕ್ಕ ಅಂತಾರೆ. ಶ್ರೀರಂಗಪಟ್ಟಣದ ಕಡೆಯವಳು. ಒಂದು ಲೋಕದಿಂದ ಇನ್ನೊಂದಕ್ಕೆ ದಾಟುವುದು ಅವಳಿಗೆ ಗೊತ್ತು. ಅವಳು ಹೋಗುವ ಲೋಕಗಳೆಲ್ಲ ನಮ್ಮದರ ಹಾಗೇ ಇರುತ್ತವೆ. ಎಲ್ಲೋ ಒಂದು ಕಡೆ ಕಾಲ ಬೇರೆ ದಾರಿ ಹಿಡಿದಿರುತ್ತದೆ, ಅಷ್ಟೆ.

ಈ ಕಥೆಯಲ್ಲಿ ಆ ತಿರುವು 1911. ನಮ್ಮಲ್ಲಿ ಆ ವರ್ಷ ಕನ್ನಂಬಾಡಿ ಕಟ್ಟೆಯ, ಅಂದರೆ ಈಗಿನ ಕೆಆರ್‌ಎಸ್ ಅಣೆಕಟ್ಟಿನ, ಕೆಲಸ ಶುರುವಾಯಿತು. ಖರ್ಚು ಜಾಸ್ತಿ ಅಂತ ಆಗ ನಮ್ಮಲ್ಲೂ ಆಕ್ಷೇಪ ಬಂದಿತ್ತು. ಚೀಫ್ ಇಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯ ಪಟ್ಟು ಬಿಡಲಿಲ್ಲ, ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿದರು. ಕಥೆಯ ಲೋಕದಲ್ಲಿ ಆ ಆಕ್ಷೇಪವೇ ಗೆದ್ದಿತು. ಹಾಗಾಗಿ ಅಲ್ಲಿ ಕಟ್ಟೆಯಿಲ್ಲ. ಮಂಡ್ಯಕ್ಕೆ ನೀರು ತರುವ ನಾಲೆಯಿಲ್ಲ, ಕಬ್ಬಿಲ್ಲ. 1933ರಲ್ಲಿ ಶುರುವಾದ ನಮ್ಮ ಸಕ್ಕರೆ ಕಾರ್ಖಾನೆಯೂ ಇಲ್ಲ. ಕಣ್ಣು ಹಾಯಿಸಿದಷ್ಟೂ ರಾಗಿ, ಹುರುಳಿ, ಮಳೆಗಾಗಿ ಕಾಯುವ ಕೆಂಪು ಹೊಲ.

ಅಲ್ಲೊಂದು ಟಿಕೆಟ್ಟಿನ ಜಾಗವಿದೆ. ಬಾಗಿಲ ಮೇಲೆ 'ಕಟ್ಟೆ ಕಟ್ಟಿದ್ದಿದ್ದರೆ' ಅಂತ ಬೋರ್ಡು. ನೀರು ಬಂದಿದ್ದರೆ ಮಂಡ್ಯ ಹೇಗಿರುತ್ತಿತ್ತು ಅಂತ, ನೀರನ್ನೇ ಕಾಣದ ಜನ ಊಹೆ ಮಾಡಿ ಕಟ್ಟಿದ ಜಾಗ. ಅಕ್ಕ ಆಸೆಯಿಂದ ಒಳಗೆ ಹೋಗುತ್ತಾಳೆ. ಕುಂಡದಲ್ಲಿ ಪ್ಲಾಸ್ಟಿಕ್ ಕಬ್ಬು. ನೀಲಿ ಬಣ್ಣ ಬಳಿದ ಸಿಮೆಂಟಿನ ಕಾಲುವೆ. ಗಾಣದಲ್ಲಿ ಕಬ್ಬನ್ನು ಅಡ್ಡಡ್ಡ ಇಟ್ಟಿದ್ದಾರೆ. ಕೊಪ್ಪರಿಗೆಯಿಂದ ಹೊಗೆ ಬರುತ್ತಿದೆ, ಕೆಳಗೆ ಬೆಂಕಿಯೇ ಇಲ್ಲ. ಅಕ್ಕ ಎಲ್ಲವನ್ನೂ ನೋಡಿ, ಯಾರಿಗೂ ಏನೂ ಹೇಳದೆ ವಾಪಸ್ ಬರುತ್ತಾಳೆ. ಮಾರನೇ ದಿನ ಮತ್ತೆ ಟಿಕೆಟ್ ತಗೊಂಡು ಹೋಗುತ್ತಾಳೆ.

ಈಗ ಉತ್ತರ. ಅಂಥದೇ ಒಂದು ಜಾಗದಲ್ಲಿ ನಾನು ಬಾಯಿ ಬಿಟ್ಟಿದ್ದೆ. ಅದಕ್ಕೇ ಅವಳು ಬಿಡಲಿಲ್ಲ.

ಕೆಲವು ವರ್ಷಗಳ ಹಿಂದೆ ಮಗಳನ್ನು ಕರಕೊಂಡು ಒಂದು 'ಹಳ್ಳಿ ಸೊಗಡಿನ' ಜಾಗಕ್ಕೆ ಹೋಗಿದ್ದೆ. ಎಲ್ಲಿ ಅನ್ನುವುದು ಬೇಡ. ಫೈಬರ್ ಎತ್ತು, ತೊಳೆದಿಟ್ಟಂಥ ಗುಡಿಸಲು, ಆಮೇಲೆ ಕಬ್ಬು ಅರೆದು ಬೆಲ್ಲ ಮಾಡುವ ಒಂದು ಆಲೆಮನೆ. ಪಂಚೆ ಉಟ್ಟ ಹುಡುಗನೊಬ್ಬ ಖಾಲಿ ಕೊಪ್ಪರಿಗೆಯಲ್ಲಿ ಉದ್ದನೆ ಕೋಲು ಆಡಿಸುತ್ತ ನಿಂತಿದ್ದ. ನನಗೆ ಹೊಟ್ಟೆ ಉರಿದುಹೋಯಿತು. ನಾನು ನಮ್ಮ ತಾತನ ಆಲೆಮನೆಯಲ್ಲಿ ಆಡಿ ಬೆಳೆದವಳು. ಅಲ್ಲಿ ಮೊದಲು ಬರುವುದು ವಾಸನೆ. ಕಬ್ಬಿನ ಹಾಲು ಕಾದು ಮಡ್ಡಿ ಮೇಲೆ ಬರುವಾಗ ಒಂದು ವಾಸನೆ, ಪಾಕ ಗಟ್ಟಿಯಾಗುವಾಗ ಇನ್ನೊಂದು. ಒಲೆ ಬಾಯಿಗೆ ಒಣಗಿದ ಸಿಪ್ಪೆ ತಳ್ಳುವವನ ಮುಖ ಕೆಂಡದಂತೆ ಹೊಳೆಯುತ್ತಿರುತ್ತದೆ. ಸುಣ್ಣ ಹಾಕುತ್ತಾರೆ, ಬೆಂಡೆಗಿಡದ ಲೋಳೆ ಹಾಕುತ್ತಾರೆ, ಮಡ್ಡಿ ತೆಗೆಯುತ್ತಾರೆ. ಕೊನೆಗೆ ತಾತ ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸುತ್ತಿದ್ದರು. ಉಂಡೆ ಕಟ್ಟಿತೋ, "ಇಳಿಸ್ರೋ!" ಅಂತ ಕೂಗು. ಒಂದು ಗಳಿಗೆ ತಡವಾದರೂ ಪಾಕ ಸೀದುಹೋಗುತ್ತದೆ. ಆ ಕೂಗಿಗೆ ಇಡೀ ಆಲೆಮನೆ ಓಡುತ್ತಿತ್ತು.

ಇದನ್ನೆಲ್ಲ ಮನಸ್ಸಲ್ಲಿ ಇಟ್ಟುಕೊಂಡು ಆ ಹುಡುಗನಿಗೆ ಎಲ್ಲರೆದುರಿಗೇ ಹೇಳಿದೆ. "ಹಂಗಲ್ಲಪ್ಪ ತಿರುಗಿಸೋದು. ತಳ ಮುಟ್ಟಬೇಕು. ಇದೆಲ್ಲ ಸುಳ್ಳು."

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಕೋಲು ಪಕ್ಕಕ್ಕಿಟ್ಟು ಹತ್ತಿರ ಬಂದ. ಮಳೆ ಕಮ್ಮಿಯ ಪಾವಗಡದ ಕಡೆಯವನಂತೆ. "ನಿಮ್ಮ ಕಡೆ ಕಾಲುವೆಯಲ್ಲಿ ವರ್ಷಪೂರ್ತಿ ನೀರು ಹರೀತದಂತೆ, ಹೌದಾ ಅಕ್ಕ?" ಅಂತ ಕೇಳಿದ.

ನನ್ನ ಹತ್ತಿರ ನೆಟ್ಟಗಿನ ಉತ್ತರ ಇರಲಿಲ್ಲ. ಹೌದು ಅಂದರೆ ಸುಳ್ಳಾಗುತ್ತದೆ. ನಾಲೆಗೆ ಬಿಡುವುದು ಕಟ್ಟು ನೀರು, ಒಂದಷ್ಟು ದಿನ ಬಿಟ್ಟು ಒಂದಷ್ಟು ದಿನ ನಿಲ್ಲಿಸುತ್ತಾರೆ. ಕಟ್ಟೆಯ ಪೂರ್ತಿ ಮಟ್ಟ 124.80 ಅಡಿ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಎದ್ದ ಕೂಡಲೇ "ಇವತ್ತು ಎಷ್ಟಕ್ಕೆ ಬಂತು?" ಅಂತ ಕೇಳುತ್ತಾರೆ. ತುಂಬದ ವರ್ಷ ಜನ ನೀರಿಗಾಗಿ ಹೆದ್ದಾರಿಯಲ್ಲಿ ಧರಣಿ ಕೂರುತ್ತಾರೆ. ಇನ್ನು ಕಟ್ಟೆಗಾಗಿ ಮುಳುಗಿದ ಊರುಗಳ ಕಥೆಯೇ ಬೇರೆ. ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ಎಷ್ಟೋ ವರ್ಷ ನೀರಿನೊಳಗೇ ಇತ್ತು. ಈಗ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದಾರೆ. ಆದರೆ ಇಲ್ಲ ಅನ್ನಲೂ ಆಗುವುದಿಲ್ಲ. ಅವನ ಊರಿನ ಬೋರ್‌ವೆಲ್ ಮುಂದೆ ನಿಂತು ನನಗೆ ನೀರಿಲ್ಲ ಅನ್ನಲು ಯಾವ ಬಾಯಿ?

ಏನೋ ಅಂದು ಬಂದೆ. ಏನಂದೆ ಅನ್ನುವುದೂ ನೆನಪಿಲ್ಲ. ಅವನು ಕೇಳಿದ ರೀತಿ ಮಾತ್ರ ಇನ್ನೂ ಕಣ್ಣ ಮುಂದಿದೆ. ದೇವಲೋಕದ ಸುದ್ದಿ ಕೇಳುವವನ ಹಾಗೆ ಕೇಳಿದ್ದ.

ಆ ರಾತ್ರಿಯೇ ಕಥೆಯ ಮೊದಲ ಸಾಲು ಬರೆದೆ. ಅಕ್ಕ ಹೋಗುವ ಜಾಗದಲ್ಲಿ ಗಾಣ ತಪ್ಪಿದೆ, ಕಬ್ಬು ತಪ್ಪಿದೆ. ಆದರೆ ಆಸೆ ತಪ್ಪಿಲ್ಲ. ಆ ಜನ ತಮ್ಮ ಹತ್ತಿರ ಇದ್ದ ಸಿಮೆಂಟು, ಬಣ್ಣ, ಪ್ಲಾಸ್ಟಿಕ್ಕಿನಲ್ಲೇ ನೀರನ್ನು ನೆನೆಸಿಕೊಂಡಿದ್ದಾರೆ. ಸರದಿಯಲ್ಲಿ ಒಂದು ಮಗು ಆ ನೀಲಿ ಸಿಮೆಂಟನ್ನು ಬಗ್ಗಿ ಮುಟ್ಟುತ್ತದೆ, ಬೆರಳು ಒದ್ದೆಯಾಯಿತೇನೋ ಅಂತ ನೋಡಿಕೊಳ್ಳುತ್ತದೆ. ಅದರ ಪಕ್ಕ ನಿಂತು "ಇದೆಲ್ಲ ಸುಳ್ಳು, ನಾನು ನಿಜವಾದ ಮಂಡ್ಯದವಳು" ಅನ್ನಲು ಅಕ್ಕನಿಗೆ ನಾಲಿಗೆ ಬರುವುದಿಲ್ಲ. ನನಗೆ ಬಂದಿತ್ತು, ಅದು ಇವತ್ತಿಗೂ ಚುಚ್ಚುತ್ತದೆ.

ಕೆಲವರು ಇನ್ನೊಂದನ್ನೂ ಕೇಳುತ್ತಾರೆ. ಎರಡನೇ ದಿನ ಅವಳು ಯಾಕೆ ಹೋದಳು? ಅದು ಕಥೆಯ ಕೊನೇ ಪುಟದಲ್ಲಿದೆ, ಅವಸರದಲ್ಲಿ ಓದಿದರೆ ತಪ್ಪಿಹೋಗುತ್ತದೆ. ಆ ಜಾಗದಲ್ಲಿ ಮರದ ಅಚ್ಚುಗಳನ್ನು ಸಾಲಾಗಿ ಜೋಡಿಸಿದ್ದಾರೆ. ಎಲ್ಲವೂ ಹೊಸವು, ಪಾಕವನ್ನೇ ಕಾಣದವು. ಅಕ್ಕ ಸೆರಗಿನ ಗಂಟು ಬಿಚ್ಚಿ, ನಮ್ಮ ಮಂಡ್ಯದಿಂದ ತಂದ ಒಂದು ಅಚ್ಚು ಬೆಲ್ಲವನ್ನು ಮೂಲೆಯ ಗುಳಿಯಲ್ಲಿ ಇಡುತ್ತಾಳೆ. ಅವಳು ಬಾಗಿಲ ಹತ್ತಿರ ಬರುವಷ್ಟರಲ್ಲಿ ಗೋಡೆಯ ಬಿರುಕಿನಿಂದ ಒಂದು ಇರುವೆ ಹೊರಗೆ ಬರುತ್ತದೆ, ಅದರ ಹಿಂದೆ ಇನ್ನೊಂದು. ಸರದಿಯಲ್ಲಿದ್ದ ಮಗು ಅವುಗಳ ಹಿಂದೆಯೇ ಅಚ್ಚಿನ ಕಡೆ ನಡೆಯುತ್ತದೆ.