43.67 ಮೀಟರ್‌ನಲ್ಲಿ ಕೇಬಲ್ ಗಟ್ಟಿಯಾಗೇ ಇತ್ತು

ಮೂರು ವಾರ ಕಾಡಿದ ನೆಟ್‌ವರ್ಕ್ ಕೇಬಲ್ ನಿನ್ನೆ ಸಂಜೆ ಸರಿಹೋಯಿತು! ತಿಕೋಟಾ ಕಡೆ ಕಾಕಾನ ತೋಟದಲ್ಲಿ ಮನೆಯಿಂದ ಒಣದ್ರಾಕ್ಷಿ ಶೆಡ್‌ಗೆ ಹೋಗುವ ಕೇಬಲ್ ಅದು. ಪೈಪ್ ಹೂತಿದ್ದು, ಪ್ಲಗ್ ಕ್ರಿಂಪ್ ಮಾಡಿದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ, ಬಿಟ್ಟುಬಿಡುತ್ತೇನೆ.

ತೊಂದರೆ ಶುರುವಾಗಿದ್ದು ಶೆಡ್‌ನ ಕ್ಯಾಮೆರಾದಿಂದ. ಹಗಲೆಲ್ಲ ಚೆನ್ನಾಗಿ ನಡೆಯುತ್ತದೆ. ಕತ್ತಲಾಗಿ ಇನ್‌ಫ್ರಾರೆಡ್ ದೀಪ ಹತ್ತಿದ ಕೂಡಲೇ ರೀಸ್ಟಾರ್ಟ್. ಮತ್ತೆ ದೀಪ, ಮತ್ತೆ ರೀಸ್ಟಾರ್ಟ್. ಇದು 24 ವೋಲ್ಟ್ ಪ್ಯಾಸಿವ್ ಪಿಒಇ, ಅಂದರೆ ಡೇಟಾ ಹೋಗುವ ಕೇಬಲ್‌ನಲ್ಲೇ ಕ್ಯಾಮೆರಾಗೆ ಕರೆಂಟೂ ಹೋಗುತ್ತದೆ. ಒಳಗಿನ ಎಂಟು ತಂತಿಗಳಲ್ಲಿ ಕರೆಂಟ್ ಹೋಗುವುದು 4-5, 7-8ರಲ್ಲಿ. ಡೇಟಾ 1-2, 3-6ರಲ್ಲಿ. ಎಲ್‌ಇಡಿ ಟೆಸ್ಟರ್ ಹಾಕಿದರೆ 4ನೇ ದೀಪ ಮಾತ್ರ ಹತ್ತಲಿಲ್ಲ. ಅಂದರೆ 4-5ರ ನೀಲಿ ಜೋಡಿಯಲ್ಲಿ ಒಂದು ತಂತಿ ಹೋಗಿದೆ. ಉಳಿದ ಒಂದೇ ತಂತಿ ಹಗಲಿನ ಭಾರ ಹೊರುತ್ತಿತ್ತು, ರಾತ್ರಿಯದಕ್ಕೆ ಸಾಲುತ್ತಿರಲಿಲ್ಲ.

ಹೋಗಿದೆ ಸರಿ, ಎಲ್ಲಿ? ಅದನ್ನು ಆ ಟೆಸ್ಟರ್ ಹೇಳುವುದಿಲ್ಲ. ಬೇಸಿಗೆಯ ಎರೆಭೂಮಿ ಅಗೆದವರಿಗೆ ಗೊತ್ತು, ಹಾರೆ ಹಾಕಿದರೆ ಕಲ್ಲಿಗೆ ಹಾಕಿದ ಹಾಗೆ ಠಣ್ ಅನ್ನುತ್ತದೆ. ಪೂರ್ತಿ ಉದ್ದ ಅಗೆಯುವ ಮಾತೇ ಇಲ್ಲ.

ಇಲ್ಲಿ ಲಿನಕ್ಸ್‌ನ ನೆಟ್‌ವರ್ಕ್ ಸಾಧನ ಎಥ್‌ಟೂಲ್‌ನ ಕೇಬಲ್-ಟೆಸ್ಟ್ ನೆನಪಾಯಿತು. ನೆಟ್‌ವರ್ಕ್ ಪೋರ್ಟ್‌ನ ಹಿಂದಿರುವ ಫೈ (PHY) ಚಿಪ್ ತಂತಿಯೊಳಗೆ ಒಂದು ಪಲ್ಸ್ ಬಿಡುತ್ತದೆ. ತುಂಡಾದ ಕಡೆಯಿಂದ ಅದು ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದ ಹಾಗೆ ವಾಪಸ್ ಬರುತ್ತದೆ. ಬರಲು ಹಿಡಿದ ಸಮಯದಿಂದ ದೂರ ಸಿಗುತ್ತದೆ. ಈ ವಿದ್ಯೆ ಚಿಪ್‌ಗಳಲ್ಲಿ ಮೊದಲೇ ಇತ್ತು. ಆದರೆ ಒಂದೊಂದು ಕಂಪನಿಯ ಚಿಪ್‌ಗೆ ಒಂದೊಂದು ರಿಜಿಸ್ಟರ್, ಒಂದೊಂದು ಲೆಕ್ಕ. 2020ರ ಆಗಸ್ಟ್‌ನಲ್ಲಿ ಬಂದ ಲಿನಕ್ಸ್ 5.8ರಲ್ಲಿ ಇದಕ್ಕೊಂದು ಸಾಮಾನ್ಯ ದಾರಿ ಬಂತು. ಯಾವ ಡ್ರೈವರ್ (ಚಿಪ್ ನಡೆಸುವ ಕೋಡ್) ಆದರೂ ಪ್ರತಿ ಜೋಡಿಗೆ ಓಕೆ, ಓಪನ್ (ತುಂಡು), ಶಾರ್ಟ್ ಅಂತ ಒಂದೇ ಭಾಷೆಯಲ್ಲಿ ಹೇಳಬೇಕು, ದೂರವನ್ನು ಸೆಂಟಿಮೀಟರ್‌ನಲ್ಲಿ ಕೊಡಬೇಕು. ನನ್ನಂಥ ಹವ್ಯಾಸಿಗೆ ಇದು ದೊಡ್ಡ ಉಪಕಾರ. ಇದೇ ಕೆಲಸ ಮಾಡುವ ಟಿಡಿಆರ್ ಯಂತ್ರ ಕೊಳ್ಳುವ ದುಡ್ಡು ಯಾರ ಹತ್ತಿರ ಇದೆ ಹೇಳಿ.

ನನ್ನ ಲ್ಯಾಪ್‌ಟಾಪ್ 'ಆಪರೇಷನ್ ನಾಟ್ ಸಪೋರ್ಟೆಡ್' ಅಂದುಬಿಟ್ಟಿತು. ಐ.ಎಂ.ಎಕ್ಸ್ 6 ಅನ್ನುವ ಹಳೆಯ ಪುಟ್ಟ ಕಂಪ್ಯೂಟರ್ ಬೋರ್ಡ್ ಒಂದು ಡಬ್ಬಿಯಲ್ಲಿ ಬಿದ್ದಿತ್ತು. ಅದರಲ್ಲಿ ಎಥೆರೋಸ್ ಎಆರ್8035 ಫೈ ಚಿಪ್ ಇದೆ, ಅದರ ಎಟಿ803ಎಕ್ಸ್ ಡ್ರೈವರ್‌ಗೆ ಈ ಟೆಸ್ಟ್ ಬರುತ್ತದೆ. ಕೇಬಲ್‌ಗೆ ಕರೆಂಟ್ ಹಾಕುವ ಪಿಒಇ ಇಂಜೆಕ್ಟರ್ ತೆಗೆದು (ಇದನ್ನು ದಯವಿಟ್ಟು ಮರೆಯಬೇಡಿ, ಬೋರ್ಡ್ ಸುಟ್ಟುಹೋಗಬಹುದು), ಮನೆ ಕಡೆಯಿಂದ ಟೆಸ್ಟ್ ಓಡಿಸಿದೆ. ಪೇರ್ ಸಿ ಓಪನ್, 43.67 ಮೀಟರ್. ಸಿ ಅಂದರೆ 4-5, ನೀಲಿಯೇ. ಖುಷಿಯೋ ಖುಷಿ.

ಟೇಪ್ ಹಿಡಿದು ಅಳೆದರೆ ಆ ಜಾಗ ಬದುವಿನ ಹತ್ತಿರ ಬಂತು. ಅರ್ಧ ದಿನ ಅಗೆದೆವು. ಪೈಪ್ ಕೊಯ್ದು ನೋಡಿದರೆ ಕೇಬಲ್ ಹೊಸದರ ಹಾಗಿದೆ, ಒಂದು ಗೀರೂ ಇಲ್ಲ. ಕಾಕಾ ಟವೆಲ್‌ನಿಂದ ಮುಖ ಒರೆಸಿಕೊಂಡು, "ತಮ್ಮಾ, ನಿನ್ನ ಚಿಪ್ಪಿಗೆ ನಮ್ಮ ಎರಿ ಮಣ್ಣು ತಿಳಿಯಂಗಿಲ್ಲ ನೋಡ" ಅಂದರು.

ಆ ರಾತ್ರಿ ಡ್ರೈವರ್ ಕೋಡ್ ತೆರೆದು ಕೂತೆ. ಚಿಪ್ ಕೊಡುವುದು ಮೀಟರ್ ಅಲ್ಲವೇ ಅಲ್ಲ. ಕೊಡುವುದು ಟಿಕ್ ಎಣಿಕೆ, ಅಂದರೆ ಪಲ್ಸ್ ವಾಪಸ್ ಬರುವಷ್ಟರಲ್ಲಿ ಚಿಪ್‌ನ ಗಡಿಯಾರ ಎಷ್ಟು ಸಲ ಮಿಡಿಯಿತು ಅನ್ನುವುದು. ಡ್ರೈವರ್ ಅದನ್ನು 0.824ರಿಂದ ಗುಣಿಸಿ ಮೀಟರ್ ಮಾಡುತ್ತದೆ. ಈ 0.824 ಎಲ್ಲಿಂದ ಬಂತು? ಪಕ್ಕದ ಟಿಪ್ಪಣಿಯಲ್ಲಿ ಡ್ರೈವರ್ ಬರೆದವರ ಊಹೆ ಇದೆ: ಗಡಿಯಾರ 125 ಮೆಗಾಹರ್ಟ್ಸ್, ಅಂದರೆ ಟಿಕ್‌ಗೆ 8 ನ್ಯಾನೊಸೆಕೆಂಡ್. ಪಲ್ಸ್ ಹೋಗಿ ಬರುವುದರಿಂದ ಎರಡರಿಂದ ಭಾಗ. ಕೇಬಲ್‌ನಲ್ಲಿ ಪಲ್ಸ್‌ನ ವೇಗ ಬೆಳಕಿನ ವೇಗದ 0.69 ಪಾಲು.

ಸಿಕ್ಕಿತು! ಆ 0.69 ಒಳ್ಳೆಯ ಕೇಬಲ್‌ನ ಲೆಕ್ಕ. ನನ್ನದು ಅಂಥದ್ದಲ್ಲ. 305 ಮೀಟರ್ ಡಬ್ಬಿಯ ಮೇಲೆ 'ಶುದ್ಧ ತಾಮ್ರ' ಅಂತ ದೊಡ್ಡದಾಗಿ ಅಚ್ಚು ಹಾಕಿದ್ದರು. ಬ್ಲೇಡ್‌ನಿಂದ ಕೆರೆದರೆ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಮಾರಿದವರಿಗೆ ಫೋನ್ ಮಾಡಿದರೆ "ಎಲ್ಲಾರೂ ಇದನ್ನ ಒಯ್ತಾರ್ರಿ" ಅಂತ ಇಟ್ಟುಬಿಟ್ಟರು. ನನಗೆ ನಿಜವಾಗಿ ಸಿಟ್ಟು ಬಂದಿದೆ. ಅಲ್ಯೂಮಿನಿಯಂಗೆ ರೆಸಿಸ್ಟೆನ್ಸ್ ಜಾಸ್ತಿ, ಬಾಗಿಸಿದರೆ ಬೇಗ ಮುರಿಯುತ್ತದೆ, ಪಿಒಇಗೆ ಅಂತೂ ಬೇಡವೇ ಬೇಡ. ತಂತಿಯ ಮೇಲಿನ ಪ್ಲಾಸ್ಟಿಕ್ಕೂ ಅಗ್ಗದ್ದೇ ಇರಬೇಕು. ಪಲ್ಸ್ ನಿಧಾನವಾಗುವುದು ಅದರಿಂದಲೇ. ಪಲ್ಸ್ ನಿಧಾನವಾದರೆ ಟಿಕ್ ಜಾಸ್ತಿ, ದೂರವೂ ಜಾಸ್ತಿ ಕಾಣುತ್ತದೆ.

ಹಾಗಾದರೆ ನನ್ನ ಕೇಬಲ್‌ನ ವೇಗ ಎಷ್ಟು? ಅದನ್ನು ಹುಡುಕಲು ಬೇರೆ ತುಂಡು ತಂದು ಅಳೆಯಬೇಕು ಅಂದುಕೊಂಡಿದ್ದೆ. ಬೇಕಾಗಲೇ ಇಲ್ಲ. ಟೆಸ್ಟ್ ಮಾಡುವಾಗ ಶೆಡ್ ಕಡೆಯ ಪ್ಲಗ್ ಕಿತ್ತಿಟ್ಟಿದ್ದೆ, ಹಾಗಾಗಿ ಉಳಿದ ಮೂರು ಜೋಡಿಯೂ ಆ ತುದಿಯಲ್ಲಿ ಓಪನ್ ಆಗಿದ್ದವು. ಎ ಮತ್ತು ಡಿ 60.97, ಬಿ 61.80 ಅಂತ ಬಂದಿತ್ತು. ಆಗ ಅದನ್ನು ನೋಡಿಯೂ ಬಿಟ್ಟಿದ್ದೆ. ಕೇಬಲ್ ಮೈಮೇಲಿನ ಮೀಟರ್ ಗುರುತು ನೋಡಿದೆ. ಮನೆ ಕಡೆ 112, ಶೆಡ್ ಕಡೆ 168. ಅಂದರೆ 56 ಮೀಟರ್. ಉಳಿದ ತುಂಡಿನ ಮೇಲೆ ಟೇಪ್ ಇಟ್ಟು ನೋಡಿದೆ, ಗುರುತಾದರೂ ಸುಳ್ಳು ಹೇಳಿಲ್ಲ.

ಈಗ ಲೆಕ್ಕ ಸುಲಭ. 60.97, 43.67 ಎರಡನ್ನೂ 0.824ರಿಂದ ಭಾಗಿಸಿದರೆ ಪೂರ್ತಿ ಉದ್ದಕ್ಕೆ 74 ಟಿಕ್, ತುಂಡಾದಲ್ಲಿಗೆ 53. 56ನ್ನು 53ರಿಂದ ಗುಣಿಸಿ 74ರಿಂದ ಭಾಗಿಸಿದರೆ 40.1 ಮೀಟರ್. ವೇಗ ಬೆಳಕಿನ ವೇಗದ ಸುಮಾರು 0.63 ಪಾಲು. ನಾವು ಅಗೆದದ್ದು ಮೂರೂವರೆ ಮೀಟರ್ ಆಚೆ!

40 ಮೀಟರ್ ಅಂದರೆ ಬೇವಿನ ಗಿಡದ ಹತ್ತಿರ. ಎರೆಭೂಮಿ ಬಿರುಕು ಬಿಟ್ಟು ಪೈಪಿನ ಜಾಯಿಂಟ್ ಬಿಚ್ಚಿಕೊಂಡಿತ್ತು. ಆ ಸಂದಿಯಿಂದ ಇಲಿ ಹೊಕ್ಕು ಕಡಿದಿತ್ತು. ನೀಲಿ-ಬಿಳಿ ಚೆನ್ನಾಗಿದೆ, ನೀಲಿ ತುಂಡು. ಜೆಲ್ ಕನೆಕ್ಟರ್ ಹಾಕಿ ಮತ್ತೆ ಟೆಸ್ಟ್ ಓಡಿಸಿದೆ. ಸಿ ಜೋಡಿಯೂ 60.97. ರಾತ್ರಿ ಕ್ಯಾಮೆರಾ ಒಮ್ಮೆಯೂ ಬೀಳಲಿಲ್ಲ.

ಒಂದು ಮಾತು ಹೇಳಲೇಬೇಕು. ಎಲ್ಲ ಡ್ರೈವರ್‌ಗೂ ಒಂದೇ ಅಳತೆ ಬಂದದ್ದು ತುಂಬ ಒಳ್ಳೆಯದು. ಆದರೆ ಪರದೆಯ ಮೇಲೆ 43.67 ಅಂತ ಸೆಂಟಿಮೀಟರ್‌ವರೆಗೆ ಕಂಡಾಗ ನಾವು ನಂಬಿಬಿಡುತ್ತೇವೆ. ಈ ಚಿಪ್‌ನ ಒಂದು ಹೆಜ್ಜೆಯೇ 82 ಸೆಂಟಿಮೀಟರ್. ಹೆಜ್ಜೆ ಎಷ್ಟು, ಯಾವ ವೇಗ ಹಿಡಿದು ಲೆಕ್ಕ ಮಾಡಿದೆ ಅನ್ನುವುದೂ ಜೊತೆಗೆ ಬರಬೇಕು. ಸಿಗ್ನಲ್ ಗುಣಮಟ್ಟದ ಎಸ್‌ಕ್ಯೂಐ ವಿಷಯದಲ್ಲಿ ಹೀಗೇ ಮಾಡಿದ್ದಾರೆ. ಅಂಕದ ಜೊತೆ ಗರಿಷ್ಠ ಎಷ್ಟು ಅಂತಲೂ ಎಥ್‌ಟೂಲ್ ತೋರಿಸುತ್ತದೆ. 7ಕ್ಕೆ 5 ಅಂದರೆ ಅರ್ಥವಾಗುತ್ತದೆ, ಸುಮ್ನೆ 5 ಅಂದರೆ ಏನು ತಿಳಿಯಬೇಕು?

ಎಸ್‌ಕ್ಯೂಐ ಅಂದಾಗ ನೆನಪಾಯಿತು, ಮುಂದಿನ ಕೆಲಸ ಅದರದ್ದೇ. ಬೋರ್‌ವೆಲ್ ಮನೆಯಿಂದ ದೂರ, ಮಾಮೂಲಿ ನೆಟ್‌ವರ್ಕ್ ಕೇಬಲ್‌ನ 100 ಮೀಟರ್ ಮಿತಿಯಲ್ಲಿ ಬರುವುದಿಲ್ಲ. 10ಬೇಸ್-ಟಿ1ಎಲ್ ಅನ್ನುವ ಬಗೆಯ ಈಥರ್ನೆಟ್ ಹಾಕಬೇಕು ಅಂತಿದ್ದೇನೆ. ಒಂದೇ ಜೋಡಿ ತಂತಿ, 10 ಮೆಗಾಬಿಟ್, ಒಂದು ಕಿಲೋಮೀಟರ್‌ವರೆಗೆ ಓಡುತ್ತದೆ. ಮೋಟರ್ ಸ್ಟಾರ್ಟರ್‌ಗೆ ಅಷ್ಟು ಸಾಕೇ ಸಾಕು. ಅದರ ಡಿಪಿ83ಟಿಡಿ510 ಚಿಪ್‌ಗೆ ಲಿನಕ್ಸ್‌ನಲ್ಲಿ ಎಸ್‌ಕ್ಯೂಐ, ಕೇಬಲ್ ಟೆಸ್ಟ್ ಎರಡೂ ಇವೆ. ಮೋಟರ್ ಶುರುವಾದಾಗ ಎಸ್‌ಕ್ಯೂಐ ಎಷ್ಟು ಇಳಿಯುತ್ತದೆ ಅಂತ ನೋಡುವ ಆಸೆ ಜೋರಾಗಿದೆ.

ಈ ಸಲ ತಂತಿ ಹೂಳುವ ಮೊದಲೇ ಅಂಗಳದಲ್ಲಿ ಹಾಸಿ ಅಳೆಯುತ್ತೇನೆ. ಹಳೆ ಕೇಬಲ್ ಡಬ್ಬಿಯ ಮೇಲೆ 'ಶುದ್ಧ ತಾಮ್ರ' ಹೊಡೆದುಹಾಕಿ, ಮಾರ್ಕರ್‌ನಲ್ಲಿ 0.63 ಅಂತ ಬರೆದಿಟ್ಟಿದ್ದೇನೆ.