ಮೂವತ್ತನೇ ನಂಬರ್ ರಸ್ತೆ: ಅಯೋವಾದಲ್ಲಿ ಒಂದು ನದಿಯಿಂದ ಇನ್ನೊಂದು ನದಿಗೆ

ಅಮೆರಿಕದ ಅಯೋವಾ ರಾಜ್ಯದ ಪಶ್ಚಿಮಕ್ಕೆ ಮಿಸ್ಸೌರಿ ನದಿ, ಪೂರ್ವಕ್ಕೆ ಮಿಸ್ಸಿಸಿಪ್ಪಿ. ಯುಎಸ್ 30 ಹೆದ್ದಾರಿ ಈ ಎರಡು ನದಿಗಳ ನಡುವೆ ಸುಮಾರು 330 ಮೈಲಿ, ಅಂದರೆ 530 ಕಿಲೋಮೀಟರ್ ಹಾದುಹೋಗುತ್ತದೆ. ಇದಕ್ಕಿಂತ ದಕ್ಷಿಣದಲ್ಲಿರುವ ಇಂಟರ್‌ಸ್ಟೇಟ್ 80 ಎಂಬ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ರಾಜ್ಯ ದಾಟುವುದು ಬೇಗ ಮುಗಿಯುತ್ತದೆ. ಹಾಗೆ ದಾಟಿದವರು ‘ಅಯೋವಾ ಅಂದರೆ ಬರೀ ಮೆಕ್ಕೆಜೋಳ, ಬರೀ ಬಯಲು’ ಅನ್ನುತ್ತಾರೆ. ಮೆಕ್ಕೆಜೋಳದ ಮಾತು ನಿಜ. ಬಯಲಿನ ಮಾತು ಮೂರರಲ್ಲಿ ಒಂದು ಪಾಲು ನಿಜ. ಮೂವತ್ತರಲ್ಲಿ ಹೋದರೆ ಮೂರು ಬಗೆಯ ನೆಲ ಒಂದಾದ ಮೇಲೊಂದು ಕಾರಿನ ಗಾಜಿನಾಚೆಯೇ ಬದಲಾಗುತ್ತದೆ.

ಎಲ್ಲೂ ನಿಲ್ಲದಿದ್ದರೆ ಆರು, ಆರೂವರೆ ಗಂಟೆಯ ದಾರಿ. ನಿಲ್ಲುವ ಮನಸ್ಸಿಲ್ಲದವರು 80ರಲ್ಲೇ ಹೋಗುವುದು ಒಳ್ಳೆಯದು. ಎರಡು ದಿನ ಇಟ್ಟುಕೊಳ್ಳಿ, ಪಶ್ಚಿಮದಿಂದ ಪೂರ್ವಕ್ಕೆ ಹೋಗಿ, ಬೆಳಿಗ್ಗೆ ಹತ್ತರ ಮೇಲೆ ಹೊರಡಿ. ರಸ್ತೆ ನೇರ ಪೂರ್ವಕ್ಕೆ ಸಾಗುವುದರಿಂದ ಬೇಗ ಹೊರಟರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಮಧ್ಯಾಹ್ನ ಕಳೆದರೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಎದುರಿನ ಹೊಲವೆಲ್ಲ ಬೆಳಗುತ್ತದೆ.

ಹೊರಡುವ ಮೊದಲು ಒಂದು ವಿಷಯ ತಿಳಿದಿರಬೇಕು. ಮೂವತ್ತು ಅನ್ನುವುದು ಒಂದು ರಸ್ತೆಯಲ್ಲ, ಜೊತೆಜೊತೆಗೆ ಓಡುವ ಮೂರು ದಾರಿಗಳು. ಮೊದಲು ಬಂದದ್ದು ರೈಲು. ಹಿಂದೆ ಶಿಕಾಗೋ ಆ್ಯಂಡ್ ನಾರ್ತ್ ವೆಸ್ಟರ್ನ್ ಕಂಪನಿಯದಾಗಿದ್ದ ಹಳಿ ಈಗ ಯೂನಿಯನ್ ಪೆಸಿಫಿಕ್‌ನ ಕೈಯಲ್ಲಿದೆ. ರೈಲು ನಿಲ್ಲಲೆಂದೇ ಆರೆಂಟು ಮೈಲಿಗೊಂದರಂತೆ ಊರುಗಳು ಹುಟ್ಟಿದವು. 1913ರಲ್ಲಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಲಿಂಕನ್ ಹೆದ್ದಾರಿಯನ್ನು ಗುರುತಿಸಿದಾಗ ಅಯೋವಾದಲ್ಲಿ ಅದು ಈ ಊರುಗಳನ್ನೇ ಪೋಣಿಸಿಕೊಂಡು ಹೋಯಿತು. 1926ರಲ್ಲಿ ಹೆದ್ದಾರಿಗಳಿಗೆ ನಂಬರ್ ಕೊಟ್ಟಾಗ ಅದೇ 30 ಆಯಿತು. ಆಮೇಲೆ ಬಂದ ಹೊಸ ರಸ್ತೆ ಊರುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿತು. ಹಳೆಯ ದಾರಿಯ ಬಹುಪಾಲು ಈಗ ಕೌಂಟಿ ರಸ್ತೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು). ನೀಲಿ ಐದು ಮೂಲೆಯ ಫಲಕದ ಮೇಲೆ ಹಳದಿಯಲ್ಲಿ ‘ಇ 41’ ಎಂಬಂಥ ಗುರುತು ಇರುತ್ತದೆ. ಅಯೋವಾದಲ್ಲಿ ಎ ಇಂದ ಜೆ ವರೆಗಿನ ಅಕ್ಷರದ ರಸ್ತೆಗಳು ಪೂರ್ವ-ಪಶ್ಚಿಮ, ಉತ್ತರದಿಂದ ಕೆಳಕ್ಕೆ ಎಣಿಕೆ. ಕೆ ಇಂದ ಮುಂದಿನವು ಉತ್ತರ-ದಕ್ಷಿಣ, ಪಶ್ಚಿಮದಿಂದ ಪೂರ್ವಕ್ಕೆ ಎಣಿಕೆ. ಇಷ್ಟು ನೆನಪಿದ್ದರೆ ಮೊಬೈಲ್ ಸಿಗ್ನಲ್ ಹೋದರೂ ದಿಕ್ಕು ತಪ್ಪುವುದಿಲ್ಲ.

ನೆಬ್ರಾಸ್ಕಾದ ಬ್ಲೇರ್ ಊರಿನ ಹತ್ತಿರ ಮಿಸ್ಸೌರಿ ದಾಟಿದರೆ ಸ್ವಲ್ಪ ದೂರದಲ್ಲೇ ಬಲಕ್ಕೆ ಡಿಸೋಟೋ ವನ್ಯಧಾಮ. ಹಕ್ಕಿ ನೋಡುವವರಿಗೆ ಶರತ್ಕಾಲ ಒಳ್ಳೆಯದು. ಉಳಿದವರು ಅಲ್ಲಿನ ಸಂಗ್ರಹಾಲಯ ನೋಡಲು ಒಂದು ಗಂಟೆ ಕೊಡಿ. 1865ರ ಏಪ್ರಿಲ್ 1ರಂದು ಮೊಂಟಾನಾದ ಗಣಿಗಳಿಗೆ ಸಾಮಾನು ಹೊತ್ತು ಹೋಗುತ್ತಿದ್ದ ಬರ್ಟ್ರಂಡ್ ಎಂಬ ಉಗಿ ಹಡಗು ಇಲ್ಲಿ ಮುಳುಗಿತು. ಆಮೇಲೆ ನದಿ ಪಾತ್ರ ಬದಲಿಸಿ ಆಚೆ ಸರಿಯಿತು, ಹಡಗು ಕೆಸರಿನಡಿ ಉಳಿಯಿತು. 1968-69ರಲ್ಲಿ ಅಗೆದಾಗ ಬೂಟು, ಗುದ್ದಲಿ, ಉಪ್ಪಿನಕಾಯಿ ಬಾಟಲಿ ಎಲ್ಲ ಹಾಗೇ ಸಿಕ್ಕವು. ಗಾಳಿ ತಾಗದ ಕೆಸರೇ ಅವನ್ನು ಕಾಪಾಡಿತ್ತು.

ಮಿಸ್ಸೌರಿ ವ್ಯಾಲಿ ಊರು ದಾಟುತ್ತಿದ್ದಂತೆ ಬಯಲು ಮುಗಿದು ಎದುರಿಗೆ ದಿಬ್ಬಗಳ ಸಾಲು ಏಳುತ್ತದೆ. ಇವೇ ಲೆಸ್ ಗುಡ್ಡಗಳು. ಹಿಮಯುಗದಲ್ಲಿ ಕರಗಿದ ಹಿಮನದಿಯ ನೀರು ಬಯಲಿಗೆ ತಂದು ಸುರಿದ ನುಣ್ಣನೆ ಮಣ್ಣು ಚಳಿಗಾಲದಲ್ಲಿ ಒಣಗುತ್ತಿತ್ತು; ಪಶ್ಚಿಮದ ಗಾಳಿ ಅದನ್ನೆತ್ತಿ ನದಿಯ ಪೂರ್ವ ದಂಡೆಗೆ ರಾಶಿ ಹಾಕಿತು. ಗಾಳಿ ಕಟ್ಟಿದ ಮಣ್ಣಿನ ಗುಡ್ಡ ಇಷ್ಟು ದಪ್ಪವಾಗಿರುವ ಇನ್ನೊಂದು ಹೆಸರಾದ ಜಾಗ ಚೀನಾದಲ್ಲಿದೆ.

ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲಿ ಕಾರು ನಿಧಾನ ಮಾಡಿ ಗೋಡೆಯನ್ನು ನೋಡಿ. ಕಲ್ಲಿಲ್ಲ, ಬೇರಿಲ್ಲ, ಹಿಟ್ಟು ಮೆತ್ತಿದ ಹಾಗೆ ಹಳದಿ ಮಣ್ಣು; ಆದರೂ ಗೋಡೆ ನೆಟ್ಟಗೆ ನಿಂತಿರುತ್ತದೆ. ಕಣಗಳು ಮೂಲೆಮೂಲೆಯಾಗಿದ್ದು ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ ಒಣಗಿದ್ದಾಗ ಲಂಬವಾಗಿ ನಿಲ್ಲುವ ಮಣ್ಣು ಇದು. ಇಳಿಜಾರಾಗಿ ಕಡಿದರೆ ಮಳೆ ನೀರು ಮೇಲೆ ಹರಿದು, ಎರಡು ಮಳೆಗಾಲದಲ್ಲಿ ಕೊರಕಲು ಬೀಳುತ್ತದೆ. ಹಾಗಾಗಿ ಇಲ್ಲಿ ಮಣ್ಣನ್ನು ನೆಟ್ಟಗೆ ಅಥವಾ ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಾರೆ. ಅಂಚಿಗೆ ಹತ್ತಿ ಫೋಟೋ ತೆಗೆಯಬೇಡಿ. ನೆನೆದ ಅಂಚು ಸದ್ದಿಲ್ಲದೆ ಕುಸಿಯುತ್ತದೆ.

ಇದೇ ಕಾರಣಕ್ಕೆ ಈ ಭಾಗದಲ್ಲಿ ‘ಲೆವೆಲ್ ಬಿ’ ಫಲಕ ಕಂಡ ರಸ್ತೆಗೆ ತಿರುಗಲೇಬಾರದು. ಕೌಂಟಿಯವರು ಹೆಚ್ಚು ನೋಡಿಕೊಳ್ಳದ, ಜಲ್ಲಿ ಕೂಡ ಹಾಕದ ಮಣ್ಣುದಾರಿ ಅದು. ನಿಮ್ಮ ಹೊಣೆ ನಿಮ್ಮದೇ ಎಂದು ಫಲಕದಲ್ಲೇ ಬರೆದಿರುತ್ತದೆ. ಫೋನಿನ ನಕ್ಷೆಗೆ ಇದು ಗೊತ್ತಾಗುವುದಿಲ್ಲ, ಹತ್ತಿರದ ದಾರಿ ಎಂದು ಅಲ್ಲಿಗೇ ಕಳಿಸುತ್ತದೆ. ಅರ್ಧ ಇಂಚು ಮಳೆ ಬಿದ್ದಿದ್ದರೂ ಚಕ್ರದ ಹಲ್ಲುಗಳಲ್ಲಿ ಮಣ್ಣು ತುಂಬಿ ಟೈರು ನುಣ್ಣಗಾಗುತ್ತದೆ, ಕಾರು ಜಾರಿ ಚರಂಡಿಗೆ ಇಳಿಯುತ್ತದೆ. ಎಳೆಯಲು ಬರುವ ಗಾಡಿಯೂ ಒಣಗುವವರೆಗೆ ಒಳಗೆ ಬರಲಾರದು.

ವುಡ್‌ಬೈನ್‌ನಲ್ಲಿ ಹೊಸ ರಸ್ತೆ ಬಿಟ್ಟು ಊರೊಳಗೆ ಹೋಗಿ. 1921ರಲ್ಲಿ ಇಟ್ಟಿಗೆ ಹಾಸಿದ ಲಿಂಕನ್ ಹೆದ್ದಾರಿ ಹನ್ನೊಂದು ಬ್ಲಾಕಿನಷ್ಟು ಉದ್ದಕ್ಕೆ ಇನ್ನೂ ಬಳಕೆಯಲ್ಲಿದೆ. ಡೆನಿಸನ್ ಏರಿಳಿತದ ಊರು. ಅಲ್ಲಿಂದ ಮುಂದೆ ಆರ್ಕೇಡಿಯಾ ಸುತ್ತಮುತ್ತ ಗೊತ್ತೇ ಆಗದಂತೆ ಒಂದು ಏಣು ದಾಟುತ್ತೀರಿ: ಇಲ್ಲಿಯವರೆಗಿನ ಮಳೆ ನೀರು ಬಾಯರ್ ಹೊಳೆ ಸೇರಿ ಮಿಸ್ಸೌರಿಗೆ, ಇನ್ನು ಮುಂದಿನದು ರಕೂನ್ ಹೊಳೆ ಸೇರಿ ಮಿಸ್ಸಿಸಿಪ್ಪಿಗೆ. ನಮ್ಮ ಪಶ್ಚಿಮ ಘಟ್ಟದ ನೆತ್ತಿಯಂಥ ನೋಟ ಏನಿಲ್ಲ. ಎರಡೂ ಕಡೆ ಸೋಯಾ ಹೊಲ.

ಪಶ್ಚಿಮದ ಈ ಭಾಗದಲ್ಲಿ ಹೆದ್ದಾರಿ ಬಹುತೇಕ ಎರಡೇ ಲೇನ್, ವೇಗದ ಮಿತಿ ಗಂಟೆಗೆ 55 ಮೈಲಿ. ಅಪಾಯವಿರುವುದು ಟ್ರ್ಯಾಕ್ಟರ್ ಹಿಂದೆ. ಏಪ್ರಿಲ್ ಕೊನೆಯಿಂದ ಮೇವರೆಗೆ ಬಿತ್ತನೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಕಟಾವು; ಆಗ ಕಿತ್ತಳೆ ತ್ರಿಕೋನ ಕಟ್ಟಿಕೊಂಡ ಯಂತ್ರಗಳು ರಸ್ತೆಗಿಳಿಯುತ್ತವೆ. ನೀವು 55ರಲ್ಲಿ, ಅದು 20ರಲ್ಲಿ ಇದ್ದರೆ ನಾನೂರು ಅಡಿ ಅಂತರ ಎಂಟೇ ಸೆಕೆಂಡಿನಲ್ಲಿ ಮುಗಿಯುತ್ತದೆ. ದೊಡ್ಡ ತಪ್ಪು ನಡೆಯುವುದು ಆಮೇಲೆ. ಟ್ರ್ಯಾಕ್ಟರ್ ಸ್ವಲ್ಪ ಬಲಕ್ಕೆ ಸರಿದಾಗ ‘ದಾರಿ ಬಿಟ್ಟ’ ಅಂದುಕೊಂಡು ಹಿಂದಿನವರು ಎಡದಿಂದ ನುಗ್ಗುತ್ತಾರೆ. ಅವನು ಸರಿದದ್ದು ಎಡಗಡೆಯ ಹೊಲದ ಬಾಯಿಗೆ ಅಗಲವಾಗಿ ತಿರುಗಲು. ಹಿಂದಕ್ಕೆ ಅಗಲದ ಯಂತ್ರ ಕಟ್ಟಿರುವುದರಿಂದ ಅವನಿಗೆ ಕನ್ನಡಿಯಲ್ಲಿ ನಿಮ್ಮ ಕಾರು ಕಾಣುವುದಿಲ್ಲ. ಎಡಕ್ಕೆ ಹೊಲದ ಗೇಟು, ಜಲ್ಲಿ ದಾರಿ ಅಥವಾ ಕಣಜ ಇದೆಯೇ ಎಂದು ನೋಡಿಕೊಂಡ ಮೇಲೆಯೇ ಮುಂದೆ ಹೋಗಿ.

ಕ್ಯಾರಲ್ ದಾಟಿದ ಮೇಲೆ ನೆಲ ಹಲಗೆಯಂತಾಗುತ್ತದೆ. ಜನ ಹೇಳುವ ಅಯೋವಾ ಇದು. ಕೊನೆಯ ಹಿಮನದಿ ಬಂದು ಉಜ್ಜಿಹೋದ ಜಾಗ. ನೀರು ಹರಿಯಲು ಇಳಿಜಾರಿಲ್ಲದೆ ಹಿಂದೆ ಜೌಗು ತುಂಬಿತ್ತು. ಹೊಲದಡಿ ಮೂರು ನಾಲ್ಕು ಅಡಿ ಆಳದಲ್ಲಿ ಮೊದಲು ಸುಟ್ಟ ಮಣ್ಣಿನ ಕೊಳವೆ, ಈಗ ತೂತಿನ ಪ್ಲಾಸ್ಟಿಕ್ ಪೈಪು ಹೂತು ಆ ನೀರನ್ನು ಬಸಿದರು. ರಸ್ತೆ ಬದಿಯ ಆಳವಾದ ಕಾಲುವೆಯಲ್ಲಿ ಬೇಸಗೆಯಲ್ಲೂ ನೀರು ಬರುತ್ತಿರುವುದು ಕಂಡರೆ ಅದು ಈ ಪೈಪುಗಳ ನೀರು.

ಇಲ್ಲಿ ಭೂಮಿಯನ್ನು ಒಂದು ಮೈಲಿ ಚೌಕಗಳಾಗಿ ಅಳೆದಿದ್ದಾರೆ, ಚೌಕಕ್ಕೆ 640 ಎಕರೆ. ಚೌಕದ ಅಂಚಿಗೆಲ್ಲ ಜಲ್ಲಿ ರಸ್ತೆ. ಉತ್ತರಕ್ಕೆ ನೆಟ್ಟಗೆ ಹೋಗುವ ರಸ್ತೆ ಅಲ್ಲಲ್ಲಿ ಕಾರಣವಿಲ್ಲದೆ ಸೊಟ್ಟಗಾಗಿ ಮತ್ತೆ ನೇರವಾದರೆ ಅಚ್ಚರಿಪಡಬೇಡಿ. ಭೂಮಿ ಉರುಟಾಗಿರುವುದರಿಂದ ಉತ್ತರಕ್ಕೆ ಹೋದಂತೆ ರೇಖೆಗಳು ಹತ್ತಿರವಾಗುತ್ತವೆ. ಚೌಕ ಕಿರಿದಾಗದಿರಲೆಂದು ಸರ್ವೆಯವರು ನಡುನಡುವೆ ಲೆಕ್ಕ ಸರಿಪಡಿಸಿಕೊಂಡ ಗುರುತು ಅದು. ರಾತ್ರಿ ಆ ಸೊಟ್ಟ ತಿರುವು ಗೊತ್ತಾಗದೆ ಹೊಲಕ್ಕೆ ಇಳಿದುಬಿಡಬಹುದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ತೊಂದರೆ: ಬೆಳೆ ಆಳೆತ್ತರ ದಾಟಿರುವಾಗ ಜಲ್ಲಿ ರಸ್ತೆಗಳು ಕೂಡುವಲ್ಲಿ ಅಡ್ಡ ಬರುವ ಗಾಡಿ ಕಾಣುವುದಿಲ್ಲ, ಕೆಲವು ಕಡೆ ಸ್ಟಾಪ್ ಫಲಕವೂ ಇರುವುದಿಲ್ಲ. ಬೆಳೆಯ ಮೇಲೆ ಏಳುವ ಧೂಳಿನ ಮೋಡವೇ ನಿಮಗೆ ಸಿಗುವ ಸೂಚನೆ. ಮಳೆ ಬಂದ ಮಾರನೆ ದಿನ ಅದೂ ಇಲ್ಲ.

ಜೆಫರ್ಸನ್‌ನಲ್ಲಿ ಕೋರ್ಟಿನ ಮುಂದೆ ಲಿಂಕನ್ ಪ್ರತಿಮೆ ಇದೆ, ಹತ್ತು ನಿಮಿಷ ಸಾಕು. ಬೂನ್ ಊರಿನ ವಾಯವ್ಯಕ್ಕೆ ಜಲ್ಲಿ ದಾರಿಯಲ್ಲಿ ಹೋದರೆ ಡಿಮಾಯ್ನ್ ನದಿಯ ಮೇಲೆ 185 ಅಡಿ ಎತ್ತರದ ಕೇಟ್ ಶೆಲಿ ರೈಲು ಸೇತುವೆ. 1901ರ ಹಳೆಯದರ ಪಕ್ಕದಲ್ಲೇ 2009ರಲ್ಲಿ ತೆರೆದ ಹೊಸದು ನಿಂತಿದೆ. 1881ರ ಜುಲೈ 6ರ ಬಿರುಮಳೆಯ ರಾತ್ರಿ ಇಲ್ಲಿ ಹತ್ತಿರದ ಹಳ್ಳದ ಸೇತುವೆ ಕೊಚ್ಚಿಹೋದಾಗ, ಹದಿಹರೆಯದ ಕೇಟ್ ಶೆಲಿ ನದಿಯ ಮರದ ಸೇತುವೆಯನ್ನು ಕತ್ತಲಲ್ಲಿ ತೆವಳಿ ದಾಟಿ ಸ್ಟೇಷನ್ನಿಗೆ ಸುದ್ದಿ ಮುಟ್ಟಿಸಿದಳು. ಸೇತುವೆಯನ್ನು ಕೆಳಗಿನ ರಸ್ತೆಯಿಂದಲೇ ನೋಡಿ. ಹಳಿಯ ಜಾಗ ಖಾಸಗಿ.

ಬೂನ್‌ನಿಂದ ಲಿಸ್ಬನ್‌ವರೆಗೆ ಈಗ ನಾಲ್ಕು ಲೇನ್. ವೇಗ ಹೆಚ್ಚುತ್ತದೆ, ಆದರೆ ಇದು ಇಂಟರ್‌ಸ್ಟೇಟ್ ಅಲ್ಲ. ಹಲವು ಕೌಂಟಿ ರಸ್ತೆಗಳು ಸಮಮಟ್ಟದಲ್ಲೇ ಅಡ್ಡ ಬರುತ್ತವೆ. ಎಡಕ್ಕೆ ತಿರುಗುವಾಗ ನಡುವಿನ ಜಾಗದಲ್ಲಿ ನಿಂತರೆ ಕಾರಿನ ಹಿಂಭಾಗ ಲೇನಿಗೆ ಚಾಚಿಕೊಂಡಿಲ್ಲವೇ ನೋಡಿಕೊಳ್ಳಿ.

ರಾತ್ರಿ ತಂಗಲು ಏಮ್ಸ್ ಅನುಕೂಲ. ಅಯೋವಾ ಸ್ಟೇಟ್ ಯೂನಿವರ್ಸಿಟಿಯ ಊರು, ಭಾರತದ ವಿದ್ಯಾರ್ಥಿಗಳು ಬಹಳ, ನಮ್ಮ ಊಟವೂ ಸಿಗುತ್ತದೆ. ಶರತ್ಕಾಲದಲ್ಲಿ ಫುಟ್‌ಬಾಲ್ ಪಂದ್ಯವಿರುವ ಶನಿವಾರ ಮಾತ್ರ ಬೇಡ: ರೂಮು ಸಿಗುವುದಿಲ್ಲ, ಸಿಕ್ಕರೂ ಬೆಲೆ ಕೇಳುವಂತಿಲ್ಲ. ದಾವಣಗೆರೆ, ಹಾವೇರಿ ಕಡೆಯ ಗೋವಿನಜೋಳದ ರೈತರಿಗೆ ಪಯೋನಿಯರ್ ಬೀಜದ ಚೀಲ ಗೊತ್ತು. ಆ ಕಂಪನಿಯನ್ನು 1926ರಲ್ಲಿ ಅಯೋವಾದಲ್ಲಿ ಶುರು ಮಾಡಿದ ಹೆನ್ರಿ ಎ. ವ್ಯಾಲೇಸ್ ಓದಿದ್ದು ಏಮ್ಸ್‌ನಲ್ಲೇ. ಏಮ್ಸ್‌ನ ನೈಋತ್ಯಕ್ಕೆ ಮ್ಯಾಡ್ರಿಡ್ ಎಂಬ ಸಣ್ಣ ಊರಿನ ಹತ್ತಿರ ಹೊಲಗಳ ನಡುವೆ ಒಂದು ಹಿಂದೂ ದೇವಸ್ಥಾನವಿದೆ. ದಾರಿ ಕೇಳುವಾಗ ‘ಮ್ಯಾ’ ಒತ್ತಿ ಹೇಳಿ. ಮುಂದಿನ ಊರು ನೆವೇಡಾ, ‘ನೆವಾಡಾ’ ಅಲ್ಲ.

ಪೆಟ್ರೋಲ್ ತುಂಬುವಾಗ ಹಿಡಿಕೆಯ ಬಣ್ಣ ನಂಬಬೇಡಿ, ಬರಹ ಓದಿ. ಹಳದಿ ಹಿಡಿಕೆ ಸಾಮಾನ್ಯವಾಗಿ ಇ85, ಅಂದರೆ ಎಥೆನಾಲ್ ಬಹಳ ಬೆರೆಸಿದ ಇಂಧನ. ಅದಕ್ಕೆಂದೇ ಮಾಡಿದ ಕಾರಿಗೆ ಮಾತ್ರ. ಹಸಿರು ಹೆಚ್ಚಿನ ಕಡೆ ಡೀಸೆಲ್, ಆದರೆ ಬಿಪಿ ಬಂಕಿನಲ್ಲಿ ಹಸಿರೇ ಪೆಟ್ರೋಲ್. ‘ಅನ್‌ಲೆಡೆಡ್ 88’ ಅಂದರೆ ಶೇ. 15ರಷ್ಟು ಎಥೆನಾಲ್, 2001ರ ನಂತರದ ಕಾರಿಗೆ ಸರಿ. ಸಣ್ಣ ಊರುಗಳಲ್ಲಿ ಬಂಕು, ಅಂಗಡಿ, ಊಟ ಮೂರೂ ಕೇಸೀಸ್ ಮಳಿಗೆಯೇ. ಸಸ್ಯಾಹಾರಿಗಳಿಗೆ ಅಲ್ಲಿನ ಚೀಸ್ ಪಿಜ್ಜಾ ಆಸರೆ. ಮಾರ್ಷಲ್‌ಟೌನ್‌ನ ಹೆಸರಾಂತ ಮೇಡ್-ರೈಟ್ ಸ್ಯಾಂಡ್‌ವಿಚ್ ಪುಡಿ ಮಾಡಿದ ದನದ ಮಾಂಸದ್ದು, ತಿಳಿದಿರಲಿ. ಜುಲೈ ಕೊನೆಯಿಂದ ರಸ್ತೆ ಬದಿಯಲ್ಲಿ ಸಿಹಿ ಜೋಳ ಡಜನ್ ಲೆಕ್ಕದಲ್ಲಿ ಮಾರುತ್ತಾರೆ. ಹೊಲದಲ್ಲಿ ಕಾಣುವುದು ಬಹುತೇಕ ಅದಲ್ಲ, ದನ-ಹಂದಿ ಮೇವಿಗೆ ಮತ್ತು ಎಥೆನಾಲ್‌ಗೆ ಹೋಗುವ ಗಟ್ಟಿ ಕಾಳು. ಕಿತ್ತು ಬೇಯಿಸಿದರೆ ಹಲ್ಲಿಗೆ ಕೆಲಸ.

ಎರಡನೇ ದಿನ ಏಮ್ಸ್‌ನಿಂದ ಇ 41 ಹಿಡಿದು ಹಳೆಯ ದಾರಿಯಲ್ಲೇ ಹೋಗಿ. ಕೋಲೋದಲ್ಲಿ ಲಿಂಕನ್ ಹೆದ್ದಾರಿಯೂ, ವಿನ್ನಿಪೆಗ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಹೋಗುತ್ತಿದ್ದ ಜೆಫರ್ಸನ್ ಹೆದ್ದಾರಿಯೂ ಕೂಡುತ್ತಿದ್ದವು. ಆ ಮೂಲೆಯ ಬಂಕು, ಕೆಫೆ, ಮೋಟೆಲ್ ಮೂರನ್ನೂ ದುರಸ್ತಿ ಮಾಡಿ ಉಳಿಸಿದ್ದಾರೆ. ಟೇಮಾದಲ್ಲಿ ಐದನೇ ಬೀದಿಯ ಪುಟ್ಟ ಸೇತುವೆ ಬಿಡಬೇಡಿ. 1915ರದ್ದು; ಕಾರು ಎರಡು ಉಸಿರಿನಲ್ಲಿ ದಾಟಿಬಿಡುತ್ತದೆ. ಇಳಿದು ಪಕ್ಕದಿಂದ ನೋಡಿದರೆ ಅದರ ಕಾಂಕ್ರೀಟ್ ಕಟಾಂಜನವೇ ಅಕ್ಷರಗಳು: ಕಂಬಿಗಳ ಬದಲು ‘ಲಿಂಕನ್ ಹೈವೇ’ ಎಂಬ ಇಂಗ್ಲಿಷ್ ಹೆಸರನ್ನೇ ಎರಕ ಹೊಯ್ದು ನಿಲ್ಲಿಸಿದ್ದಾರೆ. ಓಡುವ ಕಾರಿನಿಂದ ಅಕ್ಷರ ಓದಲಾಗದು. ಊರಿನ ಪಶ್ಚಿಮಕ್ಕೆ ಮೆಸ್ಕ್ವಾಕಿ ಎಂಬ ಮೂಲನಿವಾಸಿ ಜನರ ನೆಲ. ಸರ್ಕಾರ ಕೊಟ್ಟ ಮೀಸಲು ಜಾಗವಲ್ಲ, 1857ರಲ್ಲಿ ಸಾವಿರ ಡಾಲರ್ ಕೊಟ್ಟು ಎಂಬತ್ತು ಎಕರೆಯಿಂದ ಅವರೇ ಕೊಂಡುಕೊಳ್ಳತೊಡಗಿದ್ದು. ಅಲ್ಲಿ ‘ರಿಸರ್ವೇಶನ್’ ಅನ್ನಬೇಡಿ, ‘ಸೆಟ್ಲ್‌ಮೆಂಟ್’ ಅನ್ನಿ.

ಸೀಡರ್ ರ‍್ಯಾಪಿಡ್ಸ್‌ನ ದಕ್ಷಿಣದಿಂದ ರಸ್ತೆ ಸುತ್ತಿಹೋಗುತ್ತದೆ. ಗಾಳಿ ಈ ಕಡೆಗಿದ್ದರೆ ಕ್ವೇಕರ್ ಕಾರ್ಖಾನೆಯ ಓಟ್ಸ್ ವಾಸನೆ ಬರಬಹುದು. 2020ರ ಆಗಸ್ಟ್ 10ರಂದು ಈ ದಾರಿಯುದ್ದಕ್ಕೂ ಬೀಸಿದ ಬಿರುಗಾಳಿ ಇಲ್ಲಿ ಗಂಟೆಗೆ 140 ಮೈಲಿ ಮುಟ್ಟಿತ್ತೆಂದು ಅಂದಾಜು. ಮರಗಳು ಇನ್ನೂ ಎಳೆಯವಾಗಿ ಕಾಣುವುದು ಅದಕ್ಕೇ. ಬೇಸಗೆ ಮಧ್ಯಾಹ್ನ ಪಶ್ಚಿಮದಲ್ಲಿ ಕಪ್ಪು ಗೋಡೆಯಂತೆ ಮೋಡ ಎದ್ದರೆ ಸೇತುವೆಯಡಿ ನಿಲ್ಲಬೇಡಿ, ಗಾಳಿ ಅಲ್ಲಿ ಕೊಳವೆಯೊಳಗೆ ನುಗ್ಗಿದಂತೆ ನುಗ್ಗುತ್ತದೆ; ಹತ್ತಿರದ ಊರಿನ ಗಟ್ಟಿ ಕಟ್ಟಡದೊಳಗೆ ಹೋಗಿ. ಅಕ್ಟೋಬರ್-ನವೆಂಬರ್‌ನಲ್ಲಿ ಮುಸ್ಸಂಜೆಯ ಜಿಂಕೆಗಳ ಭಯ. ಒಂದು ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ಬ್ರೇಕ್ ಒತ್ತಿ, ಸ್ಟಿಯರಿಂಗ್ ತಿರುಗಿಸಬೇಡಿ.

ಲಿಸ್ಬನ್ ಆಚೆ ಮತ್ತೆ ಎರಡು ಲೇನ್, ಮತ್ತೆ ಅಲೆಅಲೆಯ ನೆಲ. ಇದು ಮೂರನೆಯ ಬಗೆ: ಹಳೆಯ ಹಿಮನದಿಯ ಮಣ್ಣನ್ನು ಹೊಳೆಗಳು ಕೊರೆಯಲು ಸಾಕಷ್ಟು ಕಾಲ ಸಿಕ್ಕಿದ ನಾಡು. ಕ್ಲಾರೆನ್ಸ್, ಲೌಡನ್, ವೀಟ್‌ಲ್ಯಾಂಡ್, ಡಿವಿಟ್ ದಾಟಿ ಕ್ಲಿಂಟನ್. 1956ರ ಗೇಟ್‌ವೇ ತೂಗುಸೇತುವೆ ಇಕ್ಕಟ್ಟಾಗಿದೆ, ಮೇಲೆ ನಿಲ್ಲಿಸುವಂತಿಲ್ಲ. ನದಿ ನೋಡಬೇಕಾದರೆ ಸೇತುವೆ ಹತ್ತುವ ಮೊದಲೇ ಊರಿನ ಉತ್ತರ ತುದಿಯ ಈಗಲ್ ಪಾಯಿಂಟ್ ಪಾರ್ಕಿಗೆ ಹೋಗಿ. ಕೆಳಗೆ ಕಾಣುವುದು ಮಿಸ್ಸಿಸಿಪ್ಪಿಯ 13ನೇ ನಂಬರ್ ಅಣೆಕಟ್ಟು ಮತ್ತು ಹಡಗು ಇಳಿಸುವ ಲಾಕ್. ಲಾಕ್ 600 ಅಡಿ ಉದ್ದ. ಹದಿನೈದು ಬಾರ್ಜುಗಳ (ಸರಕಿನ ಚಪ್ಪಟೆ ದೋಣಿಗಳ) ಸಾಲು ಅದರ ಸುಮಾರು ಎರಡರಷ್ಟು. ಹಾಗಾಗಿ ಸಾಲನ್ನು ನಡುವೆ ಬಿಚ್ಚಿ, ಮುಂದಿನ ಒಂಬತ್ತನ್ನು ಮೊದಲು ಇಳಿಸಿ, ಆಮೇಲೆ ಉಳಿದ ಆರನ್ನು ದೂಡುವ ದೋಣಿಯೊಂದಿಗೆ ಇಳಿಸಿ, ಮತ್ತೆ ತಂತಿ ಹಗ್ಗದಲ್ಲಿ ಬಿಗಿಯುತ್ತಾರೆ. ಒಂದೂವರೆ ಗಂಟೆಗೆ ಕಡಿಮೆಯಿಲ್ಲದ ಕೆಲಸ. ಒಂದೊಂದು ಬಾರ್ಜಿನಲ್ಲಿ ಸುಮಾರು 1,500 ಟನ್ ಕಾಳು, ನ್ಯೂ ಆರ್ಲಿಯನ್ಸ್ ಕಡೆಗೆ. ಡಿಸೆಂಬರ್ ಕಳೆದರೆ ನದಿ ಹೆಪ್ಪುಗಟ್ಟಿ ಮಾರ್ಚ್‌ವರೆಗೆ ಬಾರ್ಜ್ ಬರುವುದಿಲ್ಲ. ಆಗ ಅಣೆಕಟ್ಟಿನ ಕೆಳಗಿನ ತೆರೆದ ನೀರಿನಲ್ಲಿ ಮೀನು ಹಿಡಿಯುವ ಬಿಳಿ ತಲೆಯ ಹದ್ದುಗಳನ್ನು ನೋಡಲು ಜನ ದುರ್ಬೀನು ಹಿಡಿದು ಬರುತ್ತಾರೆ.