ಅಡುಗೆಮನೆಯ ಸೋರಿಕೆ ಕೊನೆಗೂ ಸಿಕ್ಕಿಬಿತ್ತು

ಬಡವರ ಹಳೆ ಮನೆಗಳನ್ನು ದುರಸ್ತಿ ಮಾಡುವ ನಮ್ಮ ಗುಂಪು ಈ ಸಲ ಹಿಡಿದಿದ್ದು ಅಂಕೋಲಾ ಕಡೆಯ ಅಜ್ಜಿಯೊಬ್ಬರ ಮನೆ. ಅದರ ಅಡುಗೆಮನೆ ನಿನ್ನೆ ರಾತ್ರಿಯ ಮಳೆಗೆ ಸೋರಲಿಲ್ಲ! ಬೆಳಿಗ್ಗೆ ಅಜ್ಜಿಯೇ ಫೋನ್ ಮಾಡಿ "ಒಲೆ ಬೂದಿ ಒಣಗೇ ಇದೆ ತಮಾ" ಅಂದರು. ನಮ್ಮ ಗುಂಪಿನವರೆಲ್ಲ ಕುಣಿಯುವುದೊಂದು ಬಾಕಿ.

ಗೆದ್ದಲು ತಿಂದ ಪಕಾಸಿ (ಚಾವಣಿ ಹೊರುವ ಇಳಿಜಾರು ಮರ) ಬದಲಿಸಿದ್ದು, ರೀಪು (ಹಂಚು ಕೂರುವ ಮರದ ಪಟ್ಟಿ) ಹೊಡೆದದ್ದು, ಒಡೆದ ಹಂಚು ತೆಗೆದು ಬೇರೆ ಹಾಕಿದ್ದು, ಇದೆಲ್ಲ ನಿಮಗೆ ಗೊತ್ತಿರುವ ಕೆಲಸವೇ. ಮನೆಯ ದೊಡ್ಡ ಮಾಡು (ಚಾವಣಿ) ಏಪ್ರಿಲ್‌ನಲ್ಲೇ ಮುಗಿದಿತ್ತು. ತಲೆ ತಿಂದದ್ದು ಪಶ್ಚಿಮಕ್ಕೆ ಅಂಟಿಕೊಂಡಿರುವ ಅಡುಗೆಮನೆ. ಅಲ್ಲಿ ಹಳೆಯ ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆಗೆ ತಗಡಿನ ಮಾಡು ಇಳಿಸಿದ್ದಾರೆ. ತಗಡು ಗೋಡೆಗೆ ಸೇರುವ ಕಡೆ ನೀರು ಇಳಿದು ನೇರ ಒಲೆಯ ಮೇಲೆ.

ಅಲ್ಲಿ ಹಿಂದೆ ಯಾರೋ ಸಿಮೆಂಟು ಮೆತ್ತಿದ್ದರು. ಅದು ಪ್ರತಿ ವರ್ಷ ಬಿರುಕು ಬಿಡುತ್ತಿತ್ತಂತೆ. ಬಿಡದೆ ಏನು ಮಾಡೀತು? ಮೂರು ಮೀಟರ್ ಉದ್ದದ ಕಬ್ಬಿಣದ ತಗಡು ಬಿಸಿಲಿಗೆ ಕಾದು, ಮಳೆಗೆ ತಣ್ಣಗಾಗಿ 40 ಡಿಗ್ರಿ ಏರಿಳಿದರೆ ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಸಿಮೆಂಟು ಅಷ್ಟು ಅಲುಗಾಟ ತಡೆಯುವುದಿಲ್ಲ. ಹಾಗಾಗಿ ಮೆತ್ತುವ ಕೆಲಸ ಬಿಟ್ಟು, ಗೋಡೆಯಲ್ಲಿ ಉದ್ದಕ್ಕೆ ಸಣ್ಣ ಕಾಲುವೆಯಂಥ ಸೀಳು ಕೊರೆದು, ಬಗ್ಗಿಸಿದ ತಗಡಿನ ಪಟ್ಟಿಯ ಮೇಲಂಚನ್ನು ಅದರೊಳಗೆ ತೂರಿಸಿದೆವು. ಕೆಳಗಂಚು ಮಾಡಿನ ಮೇಲೆ ಸಡಿಲವಾಗಿ ಮಲಗಿದೆ, ಸ್ಕ್ರೂ ಇಲ್ಲ. ಮಾಡು ಎಷ್ಟು ಬೇಕಾದರೂ ಜಾರಲಿ.

ಆದರೂ ಮೇ ತಿಂಗಳ ಮೊದಲ ಗಾಳಿಮಳೆಗೇ ಸೋರಿತು. ಅವತ್ತು ಆದ ಸಂಕಟ ಹೇಳಿ ಪ್ರಯೋಜನವಿಲ್ಲ.

ಆಮೇಲೆ ಪೈಪ್ ಹಿಡಿದು ನೀರು ಬಿಟ್ಟು ನೋಡಿದೆವು. ಈ ಪರೀಕ್ಷೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಮಾಡಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು, ತೂತು ಯಾವುದೆಂದೇ ತಿಳಿಯುವುದಿಲ್ಲ. ಮೊದಲು ತಗಡಿನ ಮೇಲೆ ಬಿಟ್ಟೆವು, ಒಳಗೆ ಒಣ. ಪಟ್ಟಿಯ ಮೇಲೆ, ಆಗಲೂ ಒಣ. ಪಟ್ಟಿಗಿಂತ ಎರಡು ಸಾಲು ಮೇಲಿನ ಕಲ್ಲಿಗೆ ನೀರು ಹಿಡಿದು ಸುಮ್ನೆ ಕಾದೆವು. ಸ್ವಲ್ಪ ಹೊತ್ತಿಗೆ, ಒಳಗೆ ಟಾರ್ಚ್ ಹಿಡಿದು ಕೂತಿದ್ದ ಗೆಳೆಯ ಕೂಗಿದ. ಕಲ್ಲಿನ ಒಂದು ಸಣ್ಣ ತೂತಿನ ಬಾಯಲ್ಲಿ ಕೆಂಪು ಹನಿಯೊಂದು ನಿಂತಿತ್ತು. ನೋಡನೋಡುತ್ತ ದಪ್ಪವಾಗಿ ಜಾರಿತು. ಅದರ ಹಿಂದೆ ಇನ್ನೊಂದು.

ಸಂದಿಯದು ತಪ್ಪೇ ಇರಲಿಲ್ಲ. ನೀರು ಕಲ್ಲಿನೊಳಗಿಂದಲೇ ಬರುತ್ತಿತ್ತು! ಚಿರೆಕಲ್ಲು ಸ್ಪಂಜಿನ ಹಾಗೆ ತೂತು ತೂತು. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ, ಅದೂ ಸಮುದ್ರದ ಗಾಳಿಗೆ ಅಡ್ಡಡ್ಡ ಹೊಡೆಯುವ ಎರಚಲು. ಗಾರೆ ಇಲ್ಲದ ಪಶ್ಚಿಮದ ಗೋಡೆ ಅದನ್ನು ಕುಡಿದು ಒಳಗೆ ಕಕ್ಕುತ್ತದೆ.

ಸಿಮೆಂಟು ಗಾರೆ ಮಾಡಿ ಅಂದವರು ಬಹಳ ಮಂದಿ. ನನಗೆ ಒಪ್ಪಿಗೆಯಿಲ್ಲ. ಬಿರುಕಿನಿಂದ ಒಳಹೊಕ್ಕ ನೀರು ಸಿಮೆಂಟಿನ ಹಿಂದೆ ಕೂತುಬಿಡುತ್ತದೆ, ಗೋಡೆ ಒಣಗುವುದೇ ಇಲ್ಲ. ಚಿಪ್ಪಿನ ಸುಣ್ಣದ ಗಾರೆ ಒಳ್ಳೆಯದು, ಆದರೆ ಅದು ಗಟ್ಟಿಯಾಗಲು ಸಮಯ ಬೇಕು, ಮಳೆ ತಲೆಯ ಮೇಲಿತ್ತು. ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಮಳೆಗಾಲಕ್ಕೆ ಮೊದಲು ಗೋಡೆಗೆ ಮಡ್ಲಿನ (ಹೆಣೆದ ತೆಂಗಿನ ಗರಿಯ) ತಟ್ಟಿ ಕಟ್ಟುತ್ತಿದ್ದರು, ಅಲ್ವಾ? ಎರಚಲು ತಟ್ಟಿಗೆ ಬೀಳುತ್ತದೆ, ನಡುವೆ ಗಾಳಿ ಆಡುತ್ತದೆ. ಅದೇ ಲೆಕ್ಕದಲ್ಲಿ ಗೋಡೆಗೆ ಉದ್ದುದ್ದ ರೀಪು ಹೊಡೆದು ಅದರ ಮೇಲೆ ತಗಡು ನಿಲ್ಲಿಸಿದೆವು. ತಗಡಿನ ಕೆಳತುದಿ ಪಟ್ಟಿಯ ಮೇಲೆ ಇಳಿಬಿದ್ದಿದೆ, ಗಾಳಿಯಾಡಲು ಮೇಲೂ ಕೆಳಗೂ ಸಂದಿಯಿದೆ.

ಈ ತಗಡಿನದೇ ಇನ್ನೊಂದು ಕಥೆ. ದುಡ್ಡು ಕೊಟ್ಟದ್ದು 0.50 ಮಿಲಿಮೀಟರ್ ದಪ್ಪದ್ದಕ್ಕೆ. ಗಾಡಿಯಿಂದ ಇಳಿಸುವಾಗ ಹಗುರ ಅನಿಸಿ ಸ್ಕ್ರೂ ಗೇಜ್ ಹಿಡಿದರೆ 0.35! "ಎರಡೂ ಒಂದೇ ರೀ" ಅಂತ ಅಂಗಡಿಯವನ ವಾದ. ಉಪ್ಪು ಗಾಳಿಗೆ ಸತುವಿನ ಲೇಪ ಬೇಗ ಹೋಗುವ ಊರಿದು, ತೆಳು ತಗಡಾದರೆ ತೂತು ಬೀಳಲು ಎಷ್ಟು ದಿನ ಬೇಕು? ಬಡವರ ಮನೆಗೆ ಅಂತ ಹೇಳಿ ತಂದ ಮಾಲಿನಲ್ಲೂ ಹೀಗೆ ಮಾಡಿದರೆ ಸಿಟ್ಟು ಬಾರದೇ? ಲೋಡು ಪೂರ್ತಿ ವಾಪಸ್ ಕಳಿಸಿದೆವು.

ಸರ್ಕಾರದ ಮನೆ ಸಿಗುವುದಿಲ್ಲವಾ ಅಂತ ಕೆಲವರು ಕೇಳುತ್ತಾರೆ. ಪ್ರಧಾನಮಂತ್ರಿ ಆವಾಸ್ (ಗ್ರಾಮೀಣ) ಯೋಜನೆಯಲ್ಲಿ ಮನೆ ಕಟ್ಟಲು 1.20 ಲಕ್ಷ ರೂಪಾಯಿ ಇದೆ, ನಿಜ. ಆದರೆ ಈ ಮನೆ ಇರುವುದು ಅರಣ್ಯ ಅಂತ ದಾಖಲಾದ ಜಾಗದಲ್ಲಿ, ಹಕ್ಕುಪತ್ರ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು 75 ವರ್ಷದ ವಾಸ ತೋರಿಸಬೇಕು. ಅಜ್ಜಿ ಎಲ್ಲಿಂದ ತರಬೇಕು ಆ ಕಾಗದ? ಜಿಲ್ಲೆಯಲ್ಲಿ ಇಂಥ ಮನೆಗಳು ಬಹಳ. ಕಾಗದ ಬರುವ ತನಕ ಮಳೆ ಕಾಯುವುದಿಲ್ಲ. ಅದಕ್ಕೇ ನಾವು ಹೊಸ ಮನೆ ಕಟ್ಟುವ ಗೋಜಿಗೆ ಹೋಗದೆ ಇದ್ದ ಮನೆಯನ್ನೇ ನೆಟ್ಟಗೆ ಮಾಡುತ್ತಿದ್ದೇವೆ.

ಈಗ ತಲೆಯಲ್ಲಿ ಓಡುತ್ತಿರುವುದು ಹೊಗೆಯ ವಿಚಾರ. ಅಡುಗೆಮನೆ ಒಣಗಿತು, ಆದರೆ ಹೊಗೆಗೆ ಕಣ್ಣು ಬಿಡುವ ಹಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ (ಐಐಎಸ್‌ಸಿ) ಅಸ್ತ್ರ ಒಲೆ, ಅಂದರೆ ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಬಿಡುವ ಸೌದೆ ಒಲೆ, ಹಾಕುವ ಆಸೆಯಿದೆ. ಅದರ ಹೊಗೆ ಕೊಳವೆಗೆ ಇದೇ ಮಾಡಿನಲ್ಲಿ ತೂತು ಕೊರೆಯಬೇಕಲ್ಲ! ಕೊಳವೆಯ ಸುತ್ತ ನೀರು ಇಳಿಯದ ಹಾಗೆ ಮಾಡಿದವರಿದ್ದರೆ ಫೋಟೋ ಕಳಿಸಿ. ಬಿಸಿ ಕೊಳವೆಗೆ ರಬ್ಬರ್ ವಾಷರ್ ನಿಲ್ಲುವುದಿಲ್ಲ, ಬೇರೆ ಉಪಾಯ ಬೇಕು.

ದೀಪಾವಳಿ ಆದ ಮೇಲೆ ಕುಮಟಾ ಕಡೆ ಇನ್ನೊಂದು ಮನೆ ಹಿಡಿಯುತ್ತೇವೆ. ಅದಕ್ಕೆ ಪೂರ್ತಿ ಹಂಚು ಬೇಕು. ಹಳೆ ಮನೆ ಕೆಡವಿ ಸ್ಲ್ಯಾಬ್ ಹಾಕಿಸುವವರು ನಿಮ್ಮ ಊರಲ್ಲಿದ್ದರೆ, ಮಂಗಳೂರು ಹಂಚನ್ನು ಮೇಲಿನಿಂದ ಎಸೆಯಲು ಬಿಡಬೇಡಿ. ಒಂದು ಮಾತು ಹೇಳಿ, ನಾವೇ ಬಂದು ಇಳಿಸಿ ಒಯ್ಯುತ್ತೇವೆ.